ನಿನ್ನೆ ರಾತ್ರಿ ಪೂರ್ಣಿಮಾ ಏನು ಉಂಡಳು?

ಸಂಜೆ ಐದಾಯಿತೆಂದರೆ ಶಹಾಪುರದ ಬಸವಣ್ಣೆವ್ವನಿಗೆ ತಲೆ ಕೆಡುತ್ತದೆ. ಅಡುಗೆ ಮಾಡಲು ಬೇಸರವೆಂದಲ್ಲ, ಮೂವತ್ತೆರಡು ವರ್ಷ ರೊಟ್ಟಿ ಬಡಿದ ಕೈ ಅದು. ತಲೆ ಕೆಡಿಸುವುದು ಒಂದೇ ಒಂದು ಪ್ರಶ್ನೆ.

"ಏನ್ರಿ, ರಾತ್ರಿ ಊಟಕ್ಕ ಏನ್ ಮಾಡ್ಲಿ?"

ಮಗ್ಗದ ಸದ್ದಿನಲ್ಲಿ ಗಂಡ ಈರಣ್ಣನಿಗೆ ಒಂದು ಸಲಕ್ಕೆ ಕೇಳುವುದಿಲ್ಲ. ಮೂರನೇ ಸಲ ಕೂಗಿದಾಗ ಉತ್ತರ ಬರುತ್ತದೆ. "ಏನರ ಮಾಡ." ಮಾಡಿ ಬಡಿಸಿದ ಮೇಲೆ ಮಾತ್ರ ಅದೇ ಮನುಷ್ಯನಿಗೆ ಬಾಯಿ ಬರುತ್ತದೆ. "ಇವತ್ತೂ ಮೆಂತೆ ಪಲ್ಯೇನ?"

ಆವತ್ತು ಆ ಜಗಳ ಶುರುವಾಗುವ ಹೊತ್ತಿಗೇ ಫೋನು ಬಂತು. ಖಾನಾಪುರದಿಂದ ಅಳಿಯ ಓಂಕಾರ.

"ಅತ್ತೀರ, ಗಾಬರಿ ಆಗಬ್ಯಾಡ್ರಿ."

ಹೀಗೆ ಶುರು ಮಾಡಿದರೆ ಯಾರಿಗೆ ತಾನೇ ಗಾಬರಿಯಾಗದು? ಮಗಳು ಪೂರ್ಣಿಮಾಗೆ ಈಗ ಏಳು ತಿಂಗಳು, ಚೊಚ್ಚಲು. ಬಟ್ಟೆ ಒಣಹಾಕುವಾಗ ತಲೆ ತಿರುಗಿ ಅಲ್ಲೇ ಕುಸಿದು ಕೂತಳಂತೆ. ದವಾಖಾನೆಗೆ ಕರೆದೊಯ್ದು ರಕ್ತ ತಪಾಸಣೆ ಮಾಡಿಸಿದರೆ ಹಿಮೋಗ್ಲೋಬಿನ್ ಏಳೂವರೆ. ಬಸುರಿಗೆ ಹನ್ನೊಂದಾದರೂ ಇರಬೇಕು. ಡಾಕ್ಟರು ಬಿಚ್ಚಿ ಹೇಳಿದ್ದರು: ಹೀಗೇ ಇದ್ದರೆ ಹೆರಿಗೆಯಲ್ಲಿ ಸ್ವಲ್ಪ ರಕ್ತ ಹೋದರೂ ತಾಯಿಯ ಜೀವಕ್ಕೆ ಅಪಾಯ, ಕೂಸೂ ಬಡಕಲಾಗುತ್ತದೆ. ದಿನಕ್ಕೆ ಒಂದಿದ್ದ ಕಬ್ಬಿಣದ ಗುಳಿಗೆಯನ್ನು ಎರಡು ಮಾಡಿದ್ದಾರೆ. ತಿಂಗಳೊಳಗೆ ಏರದಿದ್ದರೆ ದೊಡ್ಡ ಆಸ್ಪತ್ರೆಗೆ ಸೇರಿಸಬೇಕು.

ಬಸವಣ್ಣೆವ್ವನಿಗೆ ಮೊದಲು ಹೆದರಿಕೆಯಾಯಿತು. ಆಮೇಲೆ ಸಿಟ್ಟು ಬಂತು. ಮದುವೆಗೆ ಮುಂಚೆ ಗುಂಡುಗುಂಡಗೆ ಇದ್ದ ಹುಡುಗಿ. ಬೀಗರ ಮನೆಯಲ್ಲಿ ಅವಳಿಗೆ ಹೊಟ್ಟೆಗೆ ಹಾಕುತ್ತಿಲ್ಲ, ಇನ್ನೇನು?

ಮರುದಿನ ಬೆಳಿಗ್ಗೆ ರವಿವಾರ ಪೇಟೆಗೆ ಹೋಗಿ ಒಂದು ಕಿಲೋ ಖರ್ಜೂರ, ಒಂದು ಪೆಂಟೆ ಬೆಲ್ಲ ಕೊಂಡಳು. ಹೋದ ತಿಂಗಳೂ ಇಷ್ಟೇ ಕಳಿಸಿದ್ದಳು. ಚೀಲ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತವಳು ದಾರಿಯುದ್ದಕ್ಕೂ ಬೀಗಿತ್ತಿಗೆ ಏನೇನು ಬೈಯಬೇಕೆಂದು ಜೋಡಿಸಿಕೊಂಡಳು. ಪಕ್ಕದಲ್ಲಿ ಕೂತ ಹೆಂಗಸು ಎರಡು ಸಲ ತಿರುಗಿ ನೋಡಿದಳು. ತುಟಿ ಅಲುಗುತ್ತಿದ್ದುದು ಬಸವಣ್ಣೆವ್ವನಿಗೇ ಗೊತ್ತಿರಲಿಲ್ಲ.

ಖಾನಾಪುರದ ಮನೆಯ ಬಾಗಿಲಲ್ಲಿ ಪೂರ್ಣಿಮಾಳ ಅತ್ತೆ ಚಂದ್ರವ್ವ ತಂಬಿಗೆ ಹಿಡಿದು ನಿಂತಿದ್ದಳು.

"ಬರ್ರಿ ಬೀಗರ, ಕುಂದರ್ರಿ. ನೀರ ಕುಡೀರಿ."

"ನೀರ ಆಮ್ಯಾಲ. ಮೊದ್ಲ ಇದನ್ನ ಹೇಳ್ರಿ. ನನ್ನ ಮಗಳಿಗೆ ಈ ಮನ್ಯಾಗ ಉಣ್ಣಾಕ ಹಾಕ್ತೀರೋ ಇಲ್ಲೋ?"

ಚಂದ್ರವ್ವ ಸುಮ್ಮನಿರುವ ಪೈಕಿಯಲ್ಲ. ತಂಬಿಗೆಯನ್ನು ಠಣ್ಣನೆ ಕೆಳಗಿಟ್ಟಳು.

"ಏನ್ ಮಾತ್ರಿ ಇದು! ನಿನ್ನೆ ರಾತ್ರಿ ಏನೇನ್ ಮಾಡಿದ್ವಿ, ನಿಮ್ಮ ಮಗಳನ್ನ ಕೇಳ್ರಿ. ಜ್ವಾಳದ ರೊಟ್ಟಿ, ಪುಂಡಿ ಪಲ್ಯ, ಹೆಸರಕಾಳ ಉಸುಳಿ, ಶೇಂಗಾ ಹಿಂಡಿ, ಅನ್ನ, ಸಾರು, ಮಜ್ಜಿಗಿ. ಇನ್ನೇನ್ ಮಾಡಬೇಕಿತ್ತು, ಹೋಳಿಗಿ?"

"ಹೌದ ಯವ್ವಾ, ಎಲ್ಲಾ ಮಾಡಿದ್ವಿ" ಎಂದಳು ಒಳಬಾಗಿಲಲ್ಲಿ ನಿಂತ ಪೂರ್ಣಿಮಾ. ಮುಖ ನೋಡಿದರೆ ಒಗೆದೊಗೆದು ಬಣ್ಣ ಹೋದ ಬಟ್ಟೆಯಂತಿತ್ತು. ಓಂಕಾರ ಅತ್ತ ಅವ್ವನನ್ನೂ ಇತ್ತ ಅತ್ತೆಯನ್ನೂ ನೋಡುತ್ತ, ಕೆಲಸಕ್ಕೆ ಹೊರಡಲು ನೆಪ ಹುಡುಕುತ್ತಿದ್ದ.

ಅಷ್ಟರಲ್ಲಿ ಮನಿಷಾ ಬಂದಳು. ಆ ಓಣಿಯ ಆಶಾ ಕಾರ್ಯಕರ್ತೆ. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ. ಪೂರ್ಣಿಮಾಳ ರಕ್ತದ ಸುದ್ದಿ ಕೇಳಿಯೇ ಬಂದಿದ್ದಳು. ಜಗಳಕ್ಕೆ ಕಿವಿಗೊಡದೆ ನೇರ ಪೂರ್ಣಿಮಾಳ ಎದುರು ಕೂತಳು.

"ನಿನ್ನೆ ರಾತ್ರಿ ಏನ್ ಉಂಡಿ ನೀ?"

"ರೊಟ್ಟಿ, ಪುಂಡಿ ಪಲ್ಯ, ಉಸುಳಿ..."

"ತಡಿ. ಮನ್ಯಾಗ ಏನ್ ಮಾಡಿದ್ರಿ ಅಂತ ನಾ ಕೇಳಲಿಲ್ಲ. ನಿನ್ನ ಹೊಟ್ಟ್ಯಾಗ ಏನ್ ಹೋತು, ಅದನ್ನ ಹೇಳ."

ಪೂರ್ಣಿಮಾ ಸೆರಗಿನ ತುದಿ ಸುತ್ತತೊಡಗಿದಳು. ಮನಿಷಾ ಬಿಡಲಿಲ್ಲ. ಒಂದೊಂದೇ ಹೊರಗೆ ಬಂತು. ಮೊದಲು ಮಾವ ಸಿದ್ದಪ್ಪ, ಓಂಕಾರ, ಮೈದುನ ಉಂಡರು. ಆಮೇಲೆ ಅತ್ತೆ. ತನ್ನ ಪಾಳಿ ಬರುವ ಹೊತ್ತಿಗೆ ಪಲ್ಯದ ಬೋಗುಣಿ ಖಾಲಿ. ಉಸುಳಿ ನಾಲ್ಕು ಚಮಚ ಉಳಿದಿತ್ತು, ಅದನ್ನು ಬೆಳಿಗ್ಗೆ ಗಂಡನ ಡಬ್ಬಿಗೆ ಬೇಕೆಂದು ತೆಗೆದಿಟ್ಟಳು.

"ಹಂಗಾರ ಏನ್ ಉಂಡಿ?"

"ಅನ್ನ, ಮಜ್ಜಿಗಿ. ಉಪ್ಪಿನಕಾಯಿ."

"ಮೊನ್ನೆ?"

"ಅದ."

ಚಂದ್ರವ್ವ ಸೊಸೆಯ ಕಡೆ ತಿರುಗಿದಳು. "ಉಂಡ್ಯೇನವಾ ಅಂತ ದಿನಾ ಕೇಳ್ತೀನಲ್ಲ ನಾ! ಹೂಂ ಅಂತೀಯಲ್ಲ!"

"ಉಂಡಿರ್ತೀನಲ್ರಿ ಅತ್ತಿ. ಮಜ್ಜಿಗಿ ಅನ್ನ."

"ನಾ ಕಳಿಸಿದ್ದ ಖಜೂರ?" ಎಂದಳು ಬಸವಣ್ಣೆವ್ವ.

"ಎಲ್ಲಾರಿಗೂ ಹಂಚಿದೆ ಯವ್ವಾ. ನಾನೂ ಎರಡ ತಿಂದೆ."

"ಯಾಕ, ಎಲ್ಲಾರಿಗೂ ಏಳ ತಿಂಗಳಾಗ್ಯಾವೇನ?" ಬಸವಣ್ಣೆವ್ವ ಹಣೆ ಚಚ್ಚಿಕೊಂಡಳು. ಓಂಕಾರ ನೆಲ ನೋಡಿದ. ಹಂಚಿದ ಖರ್ಜೂರದಲ್ಲಿ ಅವನ ಪಾಲು ದೊಡ್ಡದಿತ್ತು.

"ಈಗ ನನ್ನ ಮಾತೂ ಕೇಳ್ರಿ ಬೀಗರ" ಎಂದಳು ಚಂದ್ರವ್ವ. "ಎಲ್ಲಾರ ಜತಿ ಕುಂದರ ಅಂತ ನೂರ ಸಲ ಹೇಳೀನಿ ಇಕಿಗೆ. ಕುಂದರಂಗಿಲ್ಲ. ಎಲ್ಲಾರದೂ ಆಗೂತನ ಉಣಬಾರ್ದು, ನಮ್ಮವ್ವ ಹಂಗ ಕಲಿಸ್ಯಾಳ ಅಂತಾಳ."

ಬಸ್ಸಿನಲ್ಲಿ ಜೋಡಿಸಿದ ಬೈಗುಳವೆಲ್ಲ ಕೆಲಸಕ್ಕೆ ಬಾರದಾಯಿತು. ಮಾತು ಸುಳ್ಳಲ್ಲ. ಕಲಿಸಿದ್ದು ಅವಳೇ. ಕಲಿಸಿದ್ದಷ್ಟೇ ಅಲ್ಲ, ನನ್ನ ಮಗಳು ಯಾರ ಮುಂಚೆಯೂ ತಾಟಿಗೆ ಕೈ ಹಾಕುವವಳಲ್ಲ ಎಂದು ಓಣಿ ತುಂಬ ಹೇಳಿಕೊಂಡು ತಿರುಗಿದ್ದಳು.

ಸೋಲೊಪ್ಪುವ ಮನಸ್ಸಾಗಲಿಲ್ಲ. "ನಾವೂ ಹಿಂಗ ಉಂಡ ಹಡದೀವಿ. ಏನಾಗೇತಿ ನಮಗ?" ಎಂದಳು.

"ಹಡದ ಮ್ಯಾಲ ಹೆಂಗಿದ್ರಿ, ಅದನ್ನ ಹೇಳ್ರಿ ಅಕ್ಕಾರ" ಎಂದಳು ಮನಿಷಾ.

ಹೇಗಿದ್ದಳು? ಪೂರ್ಣಿಮಾ ಹುಟ್ಟಿದಾಗ ಮೂರು ತಿಂಗಳು ಎದ್ದು ನಿಂತರೆ ಕಣ್ಣಿಗೆ ಕತ್ತಲೆ. ಕೂಸನ್ನು ಎತ್ತಿಕೊಳ್ಳಲೂ ಆಗದೆ ಗೋಡೆಯ ಕಡೆ ಮುಖ ಮಾಡಿ ಅತ್ತಿದ್ದಳು. ಅದನ್ನು ಯಾರಿಗೂ ಹೇಳಿರಲಿಲ್ಲ, ಈಗಲೂ ಹೇಳಲಿಲ್ಲ.

"ಆತು, ಇಲ್ಲಿ ಬ್ಯಾಡ. ಕುಬಸದ ಶಾಸ್ತ್ರ ಆದಮ್ಯಾಲ ಹಡಿಯಾಕ ತವರಿಗೆ ಬರೋಳ ಇದ್ಲು, ಈಗ ಕರ್ಕೊಂಡ್ ಹೋಗ್ತೀನಿ. ನನ್ನ ಜತಿ ಉಣ್ತಾಳ."

"ಕರ್ಕೊಂಡ್ ಹೋಗ್ರಿ. ನೀವ್ ಯಾವಾಗ ಉಣ್ತೀರಿ?" ಎಂದಳು ಮನಿಷಾ.

"ಎಲ್ಲಾರದೂ ಆದ ಮ್ಯಾಲ" ಎಂದಳು ಬಸವಣ್ಣೆವ್ವ.

"ಮೊನ್ನೆ ರಾತ್ರಿ ಏನ್ ಉಂಡ್ರಿ?"

ಮೊನ್ನೆ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ಈರಣ್ಣ ಎರಡು ಸಲ ಹಾಕಿಸಿಕೊಂಡದ್ದು ನೆನಪಿತ್ತು, ಉಪ್ಪು ಒಂದು ಹರಳು ಹೆಚ್ಚಾಗಿದೆ ಎಂದದ್ದೂ ನೆನಪಿತ್ತು. ತಾನು ಉಂಡದ್ದು ಮಾತ್ರ ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ಅವಳಿಗೇ ನಾಚಿಕೆಯಾಯಿತು.

ಮನಿಷಾ ಪೂರ್ಣಿಮಾಳ ಕಡೆ ತಿರುಗಿದಳು. "ಗುಳಗಿ ತಗೋತಿ ಹೌದಲ್ಲ?"

"ಒಂದಿನಾನೂ ತಪ್ಪಿಸಿಲ್ಲರಿ" ಎಂದು ಚಂದ್ರವ್ವನೇ ಉತ್ತರ ಕೊಟ್ಟಳು. ಇದರಲ್ಲಾದರೂ ತಾನು ಗೆದ್ದೆನೆಂಬ ಖುಷಿ ಅವಳಿಗೆ. "ನಾನ ಮುಂದ ನಿಂತ ನುಂಗಸ್ತೀನಿ. ಬಾಯಿ ಕೆಡ್ತೈತಿ ಅಂತ ಮ್ಯಾಲ ಒಂದ ಕಪ್ಪ ಬಿಸಿ ಚಹಾನೂ ಕೊಡ್ತೀನಿ."

"ಅಗಬಾಯಿ!" ಎಂದು ಮನಿಷಾ ಹಣೆಗೆ ಕೈ ಹಚ್ಚಿದಳು. "ಚಂದ್ರವ್ವಾರ, ನೀವ್ ಚಹಾ ಕೊಡೂದು ಪ್ರೀತೀಲೆ, ಖರೇ. ಆದ್ರ ಆ ಚಹಾ ಗುಳಗ್ಯಾಗಿನ ಕಬ್ಬಿಣಾನ ಮೈಗೆ ಹತ್ತಗೊಡಂಗಿಲ್ಲ. ತಿಂಗಳಗಟ್ಲೆ ನುಂಗಿದ್ದು ಮುಕ್ಕಾಲ ಪಾಲ ನೀರಾಗ ಹೋತು."

ಚಂದ್ರವ್ವ ತಟ್ಟನೆ ಕೆಳಗೆ ಕೂತಳು. ಇಬ್ಬರು ಹಿರಿಯ ಹೆಂಗಸರೂ ಒಂದೇ ದಿನ ಸೋತಿದ್ದರು.

ಮನಿಷಾ ಒಂದೊಂದಾಗಿ ಹೇಳಿದಳು. ಗುಳಿಗೆ ಊಟವಾದ ಮೇಲೆ, ಲಿಂಬು ಹಿಂಡಿದ ನೀರಿನ ಜೊತೆ. ಅದಕ್ಕೆ ಒಂದು ತಾಸು ಮುಂಚೆ, ಎರಡು ತಾಸು ಆಮೇಲೆ ಚಹಾ ಬೇಡ, ಹಾಲು ಬೇಡ. ಕ್ಯಾಲ್ಸಿಯಂ ಗುಳಿಗೆ ಬೇರೆ ಹೊತ್ತಿಗೆ. ಸಂಡಾಸು ಕಪ್ಪಗಾದರೆ ಹೆದರಬಾರದು, ಹೊಟ್ಟೆ ತೊಳಸಿದರೂ ತನ್ನಷ್ಟಕ್ಕೆ ತಾನೇ ಗುಳಿಗೆ ನಿಲ್ಲಿಸಬಾರದು, ದವಾಖಾನೆಯಲ್ಲಿ ಕೇಳಬೇಕು. ಅಂಗನವಾಡಿಯಲ್ಲಿ ಬಸುರಿಯರಿಗೆ ಮಧ್ಯಾಹ್ನದ ಊಟವಿದೆ, ಅಲ್ಲಿಗೆ ಹೋಗಲು ನಾಚಬಾರದು.

"ಮತ್ತ ಈ ಖಜೂರ, ಬೆಲ್ಲ?" ಎಂದಳು ಬಸವಣ್ಣೆವ್ವ, ಚೀಲ ಮುಂದೆ ಸರಿಸುತ್ತ.

"ತಿನ್ಲಿ, ಹಂಚಬಾರ್ದ ಮತ್ತ. ಆದ್ರ ಬರೇ ಇದರಿಂದ ರಕ್ತ ಏರಂಗಿಲ್ಲರಿ. ದಿನಾ ಪಲ್ಯ ಬೇಕ, ಕಾಳ ಬೇಕ, ಅದು ಆಕಿ ತಾಟಿಗೆ ಬರಬೇಕ. ಬೋಗುಣ್ಯಾಗಿದ್ರ ಆಕಿಗೇನ್ ಬಂತು? ಇವತ್ತಿಂದ ಮೊದಲನೇ ತಾಟ ಪೂರ್ಣಿಮಾಂದು. ನಾ ಮುಂಜಾನೆ ಬಂದ ಕೇಳಾಕಿ."

ಕರೆದೊಯ್ಯುವ ಮಾತು ಬಿಟ್ಟು ಆ ಸಂಜೆ ಬೀಗಿತ್ತಿಯರಿಬ್ಬರೂ ಸೇರಿ ಅಡುಗೆ ಮಾಡಿದರು. ಮೆಂತೆ ಪಲ್ಯ, ಮಡಕಿ ಕಾಳು, ಬಿಸಿ ರೊಟ್ಟಿ. ಏಳೂವರೆಗೆಲ್ಲ ಮೊದಲನೇ ತಾಟು ತುಂಬಿ ಪೂರ್ಣಿಮಾಳ ಕೈಗಿಟ್ಟರು. ಅವಳು ತಾಟು ಹಿಡಿದುಕೊಂಡು ನಿಂತೇ ಇದ್ದಳು.

"ಕುಂದರ."

"ಮಾವಾರದ ಆಗ್ಲಿ ಯವ್ವಾ."

"ಮಾವಾರನ ಹೇಳ್ಯಾರ, ಕುಂದರ."

"ನೀ ಉಂಡಿಲ್ಲ, ಅತ್ತಿ ಉಂಡಿಲ್ಲ. ನನಗ ಗಂಟಲದಾಗ ಇಳ್ಯಂಗಿಲ್ಲ."

ಎಷ್ಟು ಹೇಳಿದರೂ ಅದೇ ರಾಗ. ರೊಟ್ಟಿ ಆರುತ್ತಿತ್ತು. ಬಸವಣ್ಣೆವ್ವನಿಗೆ ಕಿರುಚಬೇಕೆನಿಸಿತು. ಹಟಮಾರಿ, ಥೇಟ್ ನನ್ನಂತೆ ಎಂದು ಹಲ್ಲು ಕಡಿದಳು. ಹಾಗೆ ಅಂದುಕೊಂಡಾಗಲೇ ಅವಳಿಗೆ ತಿಳಿಯಿತು, ಇದು ಹೇಳಿದರೆ ಆಗುವ ಕೆಲಸವಲ್ಲ. ಹುಡುಗಿ ಇಪ್ಪತ್ತು ವರ್ಷ ಕಲಿತದ್ದು ಮಾತಿನಿಂದಲ್ಲ, ಅವ್ವನನ್ನು ನೋಡಿ.

ಅವಳು ಒಂದು ತಾಟು ತೆಗೆದುಕೊಂಡಳು. ಬೀಗರ ಮನೆಯಲ್ಲಿ, ಅಳಿಯನ ಎದುರು, ಬೀಗ ಸಿದ್ದಪ್ಪನ ಎದುರು, ಯಾರೂ ಉಣ್ಣುವ ಮೊದಲೇ ಚಕ್ಕಳಮಕ್ಕಳ ಹಾಕಿ ಕೂತಳು. ನಾಚಿಕೆಯಿಂದ ಕಿವಿ ಸುಡುತ್ತಿದ್ದವು. ರೊಟ್ಟಿ ಮುರಿದು ಮೊದಲ ತುತ್ತು ಬಾಯಿಗಿಟ್ಟಳು.

ಅದನ್ನು ನೋಡಿ ಚಂದ್ರವ್ವ ಸೌಟು ಕೆಳಗಿಟ್ಟಳು. ಆಮೇಲೆ ತಾನೂ ತಾಟು ಎಳೆದುಕೊಂಡು ಆಚೆ ಬದಿಗೆ ಕೂತಳು. ಪೂರ್ಣಿಮಾಗೆ ಈಗ ಬೇರೆ ದಾರಿ ಉಳಿಯಲಿಲ್ಲ, ಇಬ್ಬರ ನಡುವೆ ಕೂತಳು. ಬಡಿಸಲು ಓಂಕಾರ ಎದ್ದ. ಜನ್ಮದಲ್ಲಿ ಸೌಟು ಹಿಡಿಯದವನು ಕಾಳಿನ ಮೇಲೆಯೇ ಪಲ್ಯ ಸುರಿದ. ಯಾರೂ ಬೈಯಲಿಲ್ಲ.

ಒಂದು ರೊಟ್ಟಿ ಮುಗಿಯಿತು. ಎರಡನೆಯದು ಅರ್ಧವಾದಾಗ ಪೂರ್ಣಿಮಾ ತಲೆ ಎತ್ತದೆ ಮೆಲ್ಲಗೆ ಕೇಳಿದಳು, "ಪಲ್ಯ ಇನ್ನೊಂದೀಟ ಹಾಕ್ರಿ."

ಹತ್ತು ವರ್ಷದ ಮೇಲೆ ಮಗಳು ಇನ್ನೊಂದಿಷ್ಟು ಬೇಕು ಎಂದದ್ದನ್ನು ಬಸವಣ್ಣೆವ್ವ ಅವತ್ತೇ ಕೇಳಿದ್ದು. ಅವಳ ಕಣ್ಣು ತುಂಬಿತು.

ಹೆಂಗಸರು ಎದ್ದ ಮೇಲೆ ಸಿದ್ದಪ್ಪ ಕೂತರು. ಬೋಗುಣಿಯಲ್ಲಿ ಬಗ್ಗಿ ನೋಡಿದರು. "ಪಲ್ಯ ಮುಗೀತೇನ?"

"ಮುಗೀತು" ಎಂದಳು ಚಂದ್ರವ್ವ. "ಕಾಳ ಐತಿ, ಹಿಂಡಿ ಐತಿ, ಹಚ್ಕೊಂಡ ಉಣ್ರಿ."

ಸಿದ್ದಪ್ಪ ಹಿಂಡಿ ಹಚ್ಚಿಕೊಂಡು ನಾಲ್ಕು ತುತ್ತು ಉಂಡರು. ನಲವತ್ತು ವರ್ಷದಲ್ಲಿ ಅವರ ಪಾಳಿಗೆ ಪಲ್ಯ ಸಾಲದೆ ಬಂದದ್ದು ಇದೇ ಮೊದಲು. "ದಿನಾ ಇಷ್ಟ ಉಳೀತಿತ್ತೇನ ನಿಮಗ?" ಎಂದು ಕೇಳಿದರು. ಚಂದ್ರವ್ವ ಖಾಲಿ ಬೋಗುಣಿಯನ್ನು ಎತ್ತಿ ಒಳಗೊಯ್ದಳು. "ನಾಳಿಂದ ಎರಡ ಸೂಡ ಮೆಂತೆ ತರ್ತೀನಿ" ಎಂದರು.

ತಿಂಗಳ ಮೇಲೆ ತಪಾಸಣೆ ಮಾಡಿಸಿದಾಗ ಪೂರ್ಣಿಮಾಳ ಹಿಮೋಗ್ಲೋಬಿನ್ ಒಂಬತ್ತು ದಾಟಿತ್ತು. ಇನ್ನೂ ಏರಬೇಕು, ಗುಳಿಗೆ ಬಿಡಬೇಡಿ, ಹೀಗೇ ಉಣ್ಣಲಿ ಎಂದರು ಡಾಕ್ಟರು. ಮನಿಷಾ ಮಾತ್ರ ಈಗಲೂ ಎರಡು ದಿನಕ್ಕೊಮ್ಮೆ ಬಂದು ಅದನ್ನೇ ಕೇಳುತ್ತಾಳೆ, ಏನ್ ಉಂಡಿ?

ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ಬೀಗರ ಮನೆ ಬಿಡಿ, ನಿಮ್ಮ ಮನೆ ನೋಡಿಕೊಳ್ಳಿ. ಮನೆಯಲ್ಲಿ ಬಸುರಿ ಇದ್ದರೆ, ಬಾಣಂತಿ ಇದ್ದರೆ ರಕ್ತ ತಪಾಸಣೆ ಮಾಡಿಸಿ. ಕಬ್ಬಿಣದ ಗುಳಿಗೆಯ ಹಿಂದೆ ಮುಂದೆ ಚಹಾ ಕೊಡಬೇಡಿ. ಉಂಡೆಯಾ ಎಂದು ಪಡಸಾಲೆಯಿಂದಲೇ ಕೂಗಿ ಹೂಂ ಎನ್ನಿಸಿಕೊಂಡು ಮಲಗಬೇಡಿ. ಇವತ್ತು ರಾತ್ರಿ ನಿಮ್ಮ ಊಟವಾದ ಮೇಲೆ ಎದ್ದು ಅಡುಗೆಮನೆಗೆ ಹೋಗಿ, ಕೊನೆಗೆ ಉಣ್ಣುತ್ತಿರುವವರ ತಾಟಿನಲ್ಲಿ ಏನಿದೆ ಎಂದು ಕಣ್ಣಾರೆ ನೋಡಿ. ನೋಡಿದ ಮೇಲೆ ನಾಳೆ ಯಾರನ್ನು ಮೊದಲು ಕೂರಿಸಬೇಕೆಂದು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.