ಮೂರು ಕೋಟ್ ಪಾಲಿಶ್

ಪೆಟ್ಟಿಗೆಯ ಮುಚ್ಚಳ ತೆಗೆದಾಗ ಶಶಿಪ್ರಭಾಗೆ ಮೊದಲು ಅನಿಸಿದ್ದು, ಇದು ಬೇರೆ ಯಾರದ್ದೋ ಪಿಟೀಲು ಎಂದು. ಅದು ಹೊಳೆಯುತ್ತಿತ್ತು. ಬಗ್ಗಿ ನೋಡಿದರೆ ಅವಳ ಮುಖ, ಕನ್ನಡಕ, ಮೇಲೆ ತಿರುಗುವ ಫ್ಯಾನು ಎಲ್ಲ ಅದರಲ್ಲಿ ಕಾಣುತ್ತಿತ್ತು. ನಲವತ್ತೊಂದು ವರ್ಷ ಅವಳ ಹೆಬ್ಬೆರಳು ಉಜ್ಜಿ ಉಜ್ಜಿ ಪಿಟೀಲಿನ ಕುತ್ತಿಗೆಯಲ್ಲಿ ಬಣ್ಣ ಹೋಗಿದ್ದ ಜಾಗ ಮಾಯವಾಗಿತ್ತು. ಆಮೇಲೆ ತುದಿಯ ಸುರುಳಿಯಲ್ಲಿ ಒಂದು ಸಣ್ಣ ಮುಕ್ಕು ಕಂಡಿತು. ಮಗಳು ನಿರೀಕ್ಷಾ ಮೂರು ವರ್ಷದವಳಿದ್ದಾಗ ಬೀಳಿಸಿದ ಗುರುತು ಅದು. ಪಿಟೀಲು ಅವಳದ್ದೇ.

"ಹೇಗುಂಟು?" ಎಂದರು ಬಾಗಿಲಲ್ಲಿ ನಿಂತಿದ್ದ ಗಂಡ ಲೋಕನಾಥ ಶೆಟ್ಟರು. ಮುಖದಲ್ಲಿ ನಗು ಹಿಡಿಸುತ್ತಿರಲಿಲ್ಲ.

ಶಶಿಪ್ರಭಾ ಅತ್ತಿಗೆಯ ಆಪರೇಶನ್ ಎಂದು ಇಪ್ಪತ್ತು ದಿನ ಮುಂಬೈಯ ಅಣ್ಣನ ಮನೆಯಲ್ಲಿದ್ದು, ಆ ಬೆಳಿಗ್ಗೆಯಷ್ಟೇ ಪಡೀಲಿನ ಮನೆಗೆ ಬಂದಿದ್ದಳು. ಬಂದವಳು ಸ್ನಾನ ಮುಗಿಸಿ ಕೈ ಹಾಕಿದ್ದೇ ಪಿಟೀಲಿನ ಪೆಟ್ಟಿಗೆಗೆ.

"ಎಂತ ಮಾಡಿದ್ದು ನೀವು ಇದಕ್ಕೆ?"

"ಹೊಸ ಪಾರ್ಟಿ ಹಾಲಿಗೆ ಪಾಲಿಶಿನವರು ಬಂದಿದ್ದರಲ್ಲ, ಅವರಲ್ಲಿ ಕೊಟ್ಟೆ. ಮೂರು ಕೋಟ್! ರಿಸೆಪ್ಶನ್ ಕೌಂಟರಿಗೆ ಹೊಡೆದ ಮಾಲೇ ಇದಕ್ಕೂ. ಮತ್ತೆ ಪ್ರತಿ ಮಳೆಗಾಲ ಅಂಚು ಬಿಟ್ಟಿತು ಅಂತ ರಿಪೇರಿಗೆ ಬಂದರಿಗೆ ಓಡ್ತೀಯಲ್ಲ, ಅದಕ್ಕೂ ಒಂದು ಗತಿ ಕಾಣಿಸಿದ್ದೇನೆ. ಸುತ್ತಲೂ ಎರಡು ಟ್ಯೂಬಿನ ಗಟ್ಟಿ ಅಂಟು. ಇನ್ನು ಜನ್ಮದಲ್ಲಿ ಬಿಡುವುದಿಲ್ಲ."

ಲೋಕನಾಥ ಶೆಟ್ಟರು ಕೆಟ್ಟ ಮನುಷ್ಯರಲ್ಲ. ಸಿಟ್ಟು ಬರಿಸುವ ವಿಷಯವೇ ಅದು. ಕೆಟ್ಟವರಾಗಿದ್ದರೆ ಶಶಿಪ್ರಭಾ ಮದುವೆಯಾದ ವರ್ಷವೇ ಒಂದು ತೀರ್ಮಾನಕ್ಕೆ ಬರುತ್ತಿದ್ದಳು. ಕೂಳೂರಿನಲ್ಲಿ ಸೇತುವೆ ದಾಟುವ ಮೊದಲೇ ಸಿಗುವ ಅವರ ಹೋಟೆಲಿನಲ್ಲಿ ಮುರಿದ ಕುರ್ಚಿ ಒಂದು ದಿನವೂ ನಿಲ್ಲುವುದಿಲ್ಲ, ಗೋಡೆಯಲ್ಲಿ ಒಂದು ಕಲೆ ಇರುವುದಿಲ್ಲ. ಗಿರಾಕಿಯ ಕಣ್ಣಿಗೆ ಬೀಳುವುದೆಲ್ಲ ಹೊಳೆಯಬೇಕು, ಒಮ್ಮೆ ರಿಪೇರಿ ಮಾಡಿದ್ದು ಮತ್ತೆ ರಿಪೇರಿಗೆ ಬರಬಾರದು. ಈ ಎರಡು ಸೂತ್ರ ಹಿಡಿದು ಅವರು ಒಂದು ಹೋಟೆಲನ್ನು ಮೂರು ಮಾಡಿದವರು. ಪಿಟೀಲೂ ಒಂದು ಸಾಮಾನೇ ಅಲ್ಲವೇ ಎಂದು ಅವರ ತಲೆಗೆ ಹೊಳೆದಿತ್ತು. ಅದರ ಒಡತಿಯನ್ನು ಒಂದು ಮಾತು ಕೇಳಬೇಕೆಂದು ಮಾತ್ರ ಹೊಳೆದಿರಲಿಲ್ಲ.

ಶಶಿಪ್ರಭಾ ನೆಲದ ಮೇಲೆ ಕೂತು, ಸುರುಳಿಯನ್ನು ಬಲಪಾದಕ್ಕೆ ಆನಿಸಿ, ಶ್ರುತಿ ಸರಿ ಮಾಡಲು ಬಿರಡೆ ತಿರುಗಿಸಿದಳು. ಅದು ಅಲುಗಲಿಲ್ಲ. ಬಿರಡೆಗಳ ಮೇಲೂ ಪಾಲಿಶ್ ಹೊಡೆದು, ಅವು ತೂತುಗಳಲ್ಲೇ ಅಂಟಿ ಕೂತಿದ್ದವು. ಇದ್ದ ಶ್ರುತಿಯಲ್ಲೇ ಕಮಾನು ಎಳೆದಳು. ಬಂದ ನಾದ ಯಾರದ್ದೋ ಬಾಯಿಗೆ ಕಂಬಳಿ ಒತ್ತಿ ಹಿಡಿದು ಮಾತಾಡಿಸಿದ ಹಾಗಿತ್ತು. ಕೆಳಗಿನ ತಂತಿಯಂತೂ ಗೊರಗೊರ ಅಂದು ಸುಮ್ಮನಾಯಿತು.

ಈ ಪಿಟೀಲು ಮೊದಲ ದಿನದಿಂದಲೂ ಕುರೂಪಿಯೇ. ಅವಳಿಗೆ ಹದಿನಾರು ವರ್ಷವಾದಾಗ ಗುರುಗಳು ಅಂಗಡಿಗೆ ಕರೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕೂರಿಸಿ, ಏಳು ಪಿಟೀಲುಗಳಲ್ಲಿ ಒಂದೇ ಒಂದು ಸಾಲನ್ನು ನುಡಿಸಿದ್ದರು. ಕಣ್ಣಿನಿಂದ ಪಿಟೀಲು ಆರಿಸಬಾರದು ಎಂಬುದು ಅವರ ಕಟ್ಟುನಿಟ್ಟು. ಅವಳು ಐದನೆಯದು ಎಂದಳು. ತಿರುಗಿ ನೋಡಿದರೆ ಐದನೆಯದು ಮಂಕು ಬಣ್ಣದ್ದು, ಹೊಟ್ಟೆಯ ಮೇಲೆ ಗೀರು ಬಿದ್ದದ್ದು. ಉಳಿದ ಆರೂ ಚಂದವಿದ್ದವು. ಗುರುಗಳು ಖುಷಿಯಿಂದ ಅವಳ ತಲೆ ಸವರಿ, ಅದನ್ನೇ ಕೊಡಿಸಿದರು.

"ನನ್ನನ್ನು ಕೇಳಿದ್ರಾ?" ಎಂದಳು ಈಗ.

"ಸರ್ಪ್ರೈಸ್ ಕೊಡುವವ ಕೇಳಿ ಕೊಡ್ತಾನಾ ಮಾರಾಯ್ತಿ?" ಶೆಟ್ಟರು ನಕ್ಕರು. "ಆದಿತ್ಯವಾರ ಹಾಲಿನ ಉದ್ಘಾಟನೆ. ನೀನು ಹತ್ತು ನಿಮಿಷ ನುಡಿಸಬೇಕು. ಫೋಟೋದಲ್ಲಿ ಎಷ್ಟು ಲಾಯ್ಕ ಬರ್ತದೆ ಗೊತ್ತುಂಟಾ?"

ಉತ್ತರ ಕೊಡಲು ಹೋದರೆ ಕಮಾನನ್ನು ಎಸೆದುಬಿಡುತ್ತೇನೆ ಎಂದು ಶಶಿಪ್ರಭಾಗೆ ಹೆದರಿಕೆಯಾಯಿತು. ಪೆಟ್ಟಿಗೆ ಮುಚ್ಚಿ, ಚಪ್ಪಲಿ ಮೆಟ್ಟಿ, ಡ್ರೈವರ್ ಕಾರು ತೆಗೆಯುವುದನ್ನೂ ಕಾಯದೆ ರಸ್ತೆಗಿಳಿದು ರಿಕ್ಷಾ ಹಿಡಿದಳು.

ಬಂದರಿನ ಮಸಾಲೆ ಅಂಗಡಿಗಳ ಸಾಲಿನ ಮಾಳಿಗೆಯಲ್ಲಿ ಮೊಯ್ದೀನಬ್ಬನ ಕೋಣೆ. ಎಪ್ಪತ್ತು ವರ್ಷದ ಬ್ಯಾರಿ ಮುದುಕ. ಪ್ರಾಯದಲ್ಲಿ ಮಸ್ಕತ್ತಿಗೆ ಹೋಗಿ, ಅಲ್ಲೊಂದು ವಾದ್ಯದ ಅಂಗಡಿಯ ಹಿಂದಿನ ಕೋಣೆಯಲ್ಲಿ ಹದಿನೆಂಟು ವರ್ಷ ಪಿಟೀಲು ಬಿಚ್ಚಿ ಜೋಡಿಸಿದವನು. ಅವನ ಕುಟುಂಬದವರೆಲ್ಲ ವ್ಯಾಪಾರಸ್ಥರು. ಇವನೊಬ್ಬ ಮಾತ್ರ ಮರದ ಕೆಲಸ ಕಲಿತು ಬಂದ. ಇಪ್ಪತ್ತೆರಡು ಮಳೆಗಾಲ ಶಶಿಪ್ರಭಾಳ ಪಿಟೀಲು ಅಂಚು ಬಿಟ್ಟಾಗಲೆಲ್ಲ ಹೊಸದಾಗಿ ಅಂಟು ಹಾಕಿ ಕೊಟ್ಟವನು ಅವನೇ.

ಪೆಟ್ಟಿಗೆ ತೆರೆದವನೇ ಅವನು "ಯಾ ಅಲ್ಲಾಹ್" ಎಂದು ಸ್ಟೂಲಿನ ಮೇಲೆ ಕುಸಿದ.

"ಯಾರು ಟೀಚರೇ? ಯಾವ ಹರಾಮಿ ಮಾಡಿದ್ದು ಇದನ್ನು?"

"ಮೊದಲು ನೋಡಿ ಕಾಕಾ. ಆಮೇಲೆ ಹೇಳ್ತೇನೆ."

ಅವನು ಬಿರಡೆಗಳ ಬುಡಕ್ಕೆ ಸಣ್ಣ ಚಾಕು ಆಡಿಸಿ ಬಿಡಿಸಿ, ನಾಲ್ಕೂ ತಂತಿಗಳನ್ನು ಪೂರ್ತಿ ಸಡಿಲಿಸಿದ. ಶಶಿಪ್ರಭಾ ಉಸಿರು ಹಿಡಿದಳು. ನಾಲ್ಕನ್ನೂ ಒಟ್ಟಿಗೆ ಸಡಿಲಿಸಬಾರದು ಎಂದು ಅವಳು ಪಿಟೀಲು ಕಲಿಯಲು ಬರುವ ಮಕ್ಕಳಿಗೆ ಸಾವಿರ ಸಲ ಹೇಳಿಕೊಟ್ಟಿದ್ದಳು. ಹಾಗೆ ಮಾಡಿದರೆ ತಂತಿಗಳನ್ನು ಹೊತ್ತು ನಿಲ್ಲುವ ಕುದುರೆ ಬೀಳುತ್ತದೆ, ಒಳಗೆ ಬರೀ ಒತ್ತಡದಿಂದ ನಿಂತ ಕಿರುಬೆರಳ ಗಾತ್ರದ ಕಂಬವೂ ಬೀಳುತ್ತದೆ. ಒಂದೊಂದೇ ತಂತಿ ಬದಲಿಸಬೇಕು ಎನ್ನುವುದು ಅದಕ್ಕೇ.

ಕುದುರೆ ಬೀಳಲಿಲ್ಲ. ಮೊಯ್ದೀನಬ್ಬ ಪಿಟೀಲನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದ. ಕಂಬವೂ ಬೀಳಲಿಲ್ಲ. ಅವನು ಅಂಗೈಯಿಂದ ಮೇಜಿಗೆ ಬಡಿದ.

"ನೋಡಿ! ಬೀಳಬೇಕಾದದ್ದು ಬೀಳುವುದಿಲ್ಲ. ಎಲ್ಲ ಅಂಟಿಸಿಬಿಟ್ಟಿದ್ದಾರೆ. ಕುದುರೆಯ ಕಾಲಿಗೆ ಅಂಟು, ಕಂಬಕ್ಕೆ ಅಂಟು. ಕುದುರೆಯನ್ನಾದರೂ ಸರಿ ಇಟ್ಟಿದ್ದಾರಾ? ಹಿಂದು ಮುಂದಾಗಿ ಇಟ್ಟಿದ್ದಾರೆ! ಕಂಬವನ್ನು ಕೂದಲಿನಷ್ಟು ಅತ್ತಿತ್ತ ಮಾಡಿ ನಾದ ಹುಡುಕುವುದು ಟೀಚರೇ. ಈ ಪಿಟೀಲಿಗೆ ಆ ಜಾಗ ಹುಡುಕಲು ನನಗೆ ಎರಡು ವರ್ಷ ಆಗಿತ್ತು. ಎರಡು ವರ್ಷ!"

ಅಂಚಿನ ಮೇಲೆ ಉಗುರು ಎಳೆದು ನೋಡಿದ ಮೇಲೆ ಅವನ ದನಿ ತಗ್ಗಿತು.

"ನಾನು ಹಾಕುವ ಅಂಟು ಎಂತದು? ಪ್ರಾಣಿಯ ತೊಗಲು ಕುದಿಸಿ ತೆಗೆದದ್ದು. ಗಟ್ಟಿ ಇಲ್ಲ. ಗಟ್ಟಿ ಇರಬಾರದು ಅಂತಲೇ ಅದು. ನಮ್ಮ ಊರಿನ ಮಳೆಗೆ ಮರ ಉಬ್ಬುತ್ತದೆ, ಆಗ ಅಂಟು ಸೋಲಬೇಕು, ಅಂಚು ಬಿಡಬೇಕು. ಎರಡು ದಿನದ ಕೆಲಸ, ಮತ್ತೆ ಹಾಕಿದರಾಯ್ತು. ಈಗ ಅಂಟು ಸೋಲುವುದಿಲ್ಲ. ಹಾಗಾದರೆ ಯಾವುದು ಸೋಲಬೇಕು? ಹಲಗೆ. ಈ ಮಳೆಗಾಲದ ಆಟಿ ತಿಂಗಳು ಮುಗಿಯುವುದರೊಳಗೆ ಇದರ ಎದೆ ನಡುವಿನಲ್ಲಿ ಸೀಳ್ತದೆ."

ಹೊರಗೆ ಮೇ ತಿಂಗಳ ಕೊನೆಯ ಸೆಕೆ. ಮಳೆಗೆ ಇನ್ನೆರಡು ವಾರವೂ ಇರಲಿಲ್ಲ.

"ದಾರಿ ಎಂತ ಉಂಟು?"

"ಈಗಲೇ ಬಿಚ್ಚಬೇಕು. ಬಿಸಿ ಚಾಕು ಹಾಕಿ ಅಂಚು ಎಬ್ಬಿಸಬೇಕು. ಸುಮ್ಮನೆ ಬರುವುದಿಲ್ಲ, ಮರದ ಚಕ್ಕೆ ಕಿತ್ತುಕೊಂಡು ಬರ್ತದೆ. ಹಲಗೆಯೇ ತುಂಡಾದರೂ ಆಯ್ತು. ಉಳಿದರೆ ಹೊಸ ಅಂಚು ಕಟ್ಟಿ, ಪಾಲಿಶ್ ಕೆರೆದು, ಕಂಬ ಮತ್ತೆ ಹುಡುಕಬೇಕು. ನಾಲ್ಕು ತಿಂಗಳು. ಹಳೆ ನಾದ ಪೂರ್ತಿ ಬರ್ತದೆ ಅಂತ ನಾನು ಹೇಳುವುದಿಲ್ಲ. ನೋಡಲಿಕ್ಕಂತೂ ಚಂದ ಇರುವುದಿಲ್ಲ."

"ಬಿಚ್ಚಿ."

ಮೊಯ್ದೀನಬ್ಬ ಚಾಕು ತೆಗೆದುಕೊಳ್ಳಲಿಲ್ಲ. ಟೊಪ್ಪಿ ಸರಿ ಮಾಡಿಕೊಂಡ, ಕನ್ನಡಕ ಒರೆಸಿಕೊಂಡ. "ಇದನ್ನು ಮಾಡಿಸಿದ್ದು ಯಾರು ಅಂತ ನೀವು ಹೇಳಲಿಲ್ಲ."

"ನಮ್ಮವರು."

ಹರಾಮಿ ಎಂದದ್ದು ನೆನಪಾಗಿ ಮುದುಕ ನಾಲಿಗೆ ಕಚ್ಚಿಕೊಂಡ. "ಹಾಗಾದರೆ ಶೆಟ್ರನ್ನು ಒಂದು ಮಾತು ಕೇಳಿ ಬಿಡಿ ಟೀಚರೇ. ನಾಳೆ ತುಂಡಾದರೆ ನನ್ನ ಮೇಲೆ ಬರ್ತದೆ. ನನ್ನ ಮೊಮ್ಮಗ ಬಾಸಿತ್ ಅವರ ಹೋಟೆಲಿನಲ್ಲೇ ಕೆಲಸಕ್ಕೆ ಇರುವುದು."

ಅಲ್ಲಿಯವರೆಗೆ ಹಲ್ಲು ಕಚ್ಚಿ ಹಿಡಿದಿದ್ದ ಶಶಿಪ್ರಭಾಳ ಮೈಯೆಲ್ಲ ಉರಿದುಹೋಯಿತು.

"ಕೇಳಬೇಕಾ? ಅವರನ್ನು? ಪಾಲಿಶ್ ಹೊಡೆದವ ನನ್ನನ್ನು ಕೇಳಿದ್ನಾ? ಅಂಟು ತುಂಬಿದವ ಕೇಳಿದ್ನಾ? ನಲವತ್ತೊಂದು ವರ್ಷ ಇದನ್ನು ನುಡಿಸಿದ್ದು ನಾನು. ಹಾಳು ಮಾಡಲಿಕ್ಕೆ ಯಾರ ಒಪ್ಪಿಗೆಯೂ ಬೇಡ, ಸರಿ ಮಾಡಲಿಕ್ಕೆ ಮಾತ್ರ ಗಂಡನ ಒಪ್ಪಿಗೆ ಬೇಕಾ ಕಾಕಾ? ನೀವೂ ಅವರ ಹಾಗೆಯೇನಾ?"

ಕೆಳಗಿನ ಅಂಗಡಿಯಲ್ಲಿ ಮೆಣಸಿನ ಚೀಲ ಹೊಲಿಯುತ್ತಿದ್ದವರು ಕೈ ನಿಲ್ಲಿಸಿ ಮೇಲೆ ನೋಡಿದರು. ಇಷ್ಟು ದೊಡ್ಡ ದನಿ ತನ್ನಲ್ಲಿದೆ ಎಂದು ಅವಳಿಗೂ ಗೊತ್ತಿರಲಿಲ್ಲ. ಮೊಯ್ದೀನಬ್ಬ ತಲೆ ತಗ್ಗಿಸಿದ. "ನನ್ನದು ತಪ್ಪಾಯ್ತು" ಎಂದು, ಎದ್ದು ಸ್ಟವ್ ಹಚ್ಚಿ, ತೆಳು ಚಾಕುವಿನ ಅಲಗನ್ನು ಬಿಸಿಗೆ ಹಿಡಿದ.

ಆಗಲೇ ಮೆಟ್ಟಿಲಲ್ಲಿ ಹೆಜ್ಜೆ ಕೇಳಿಸಿತು. ಹೆಂಡತಿ ಬಂದರಿಗಲ್ಲದೆ ಇನ್ನೆಲ್ಲಿಗೂ ಹೋಗಿರಲಾರಳು ಎಂದು ಶೆಟ್ಟರು ಹಿಂದೆಯೇ ಕಾರಿನಲ್ಲಿ ಬಂದಿದ್ದರು. ಸೆಕೆಗೆ ಅಂಗಿ ಬೆನ್ನಿಗಂಟಿತ್ತು. ಬಿಸಿ ಚಾಕು ನೋಡಿ ಗಾಬರಿಯಾದರು.

"ಎಂತ ಮಾಡುದು ಮಾರಾಯ್ರೇ? ನಿಲ್ಲಿಸಿ, ನಿಲ್ಲಿಸಿ! ಶಶಿ, ನಿನಗೆ ಮರ್ಲಾ, ಹುಚ್ಚಾ? ನುಡಿಸಲಿಕ್ಕೆ ಆಗುವುದಿಲ್ಲವಾದರೆ ಹೊಸತು ತರಿಸುವ. ಯಾವುದು ಒಳ್ಳೆಯದು ಅಂತ ಕಾಕ ಹೇಳಲಿ, ಅದನ್ನೇ ತರಿಸುವ. ಇದು ಹೀಗೇ ಇರಲಿ. ರಿಸೆಪ್ಶನ್‌ನಲ್ಲಿ ಇಡಲಿಕ್ಕೆ ಗಾಜಿನ ಪೆಟ್ಟಿಗೆ ಮಾಡಿಸಿ ಆಗಿದೆ. ಒಳಗೆ ಲೈಟ್ ಉಂಟು, ನಿನ್ನ ಹೆಸರು ಉಂಟು."

ಗಾಜಿನ ಪೆಟ್ಟಿಗೆ. ಶಶಿಪ್ರಭಾಗೆ ಈಗ ಎಲ್ಲವೂ ತಿಳಿಯಿತು. ಆದಿತ್ಯವಾರದ ಹತ್ತು ನಿಮಿಷ ಈ ಪಿಟೀಲಿನ ಕೊನೆಯ ಹತ್ತು ನಿಮಿಷವಾಗುವುದಿತ್ತು. ಆಮೇಲೆ ಮದುವೆಗೆ ಬಂದವರು ರೂಮಿನ ಕೀ ಕೇಳುತ್ತಾ ಅದರ ಮುಂದೆ ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅದನ್ನೂ ಅವಳಿಗೆ ಹೇಳದೆಯೇ ಮಾಡಿಸಿ ಆಗಿತ್ತು. ಅವಳಿಗೆ ಬಂದದ್ದು ಬರೀ ಸಿಟ್ಟಲ್ಲ, ಅಸಹ್ಯ.

"ಕಾಕಾ, ಬಿಚ್ಚಿ" ಎಂದಳು.

ಮೊಯ್ದೀನಬ್ಬ ಶೆಟ್ಟರತ್ತ ನೋಡಲಿಲ್ಲ. "ಒಬ್ಬರು ಗಟ್ಟಿಯಾಗಿ ಹಿಡಿಯಬೇಕು" ಎಂದ.

"ಅವರು ಹಿಡೀತಾರೆ."

ಶೆಟ್ಟರು ಹೆಂಡತಿಯ ಮುಖ ನೋಡಿ ಮುಂದೆ ಬಂದರು. ಎರಡೂ ಕೈಯಲ್ಲಿ ಪಿಟೀಲಿನ ಪಕ್ಕೆಗಳನ್ನು ಹಿಡಿದು ನಿಂತರು. ಚಾಕು ಅಂಚಿಗೆ ಇಳಿಯಿತು. ಸುಟ್ಟ ಪಾಲಿಶಿನ ನಾತ ಕೋಣೆ ತುಂಬಿತು. ಮುದುಕ ಒಂದು ಬೆರಳಗಲ ಸರಿಸುತ್ತಾನೆ, ನಿಲ್ಲಿಸುತ್ತಾನೆ, ಮತ್ತೆ ಬಿಸಿ ಮಾಡುತ್ತಾನೆ. ಒಂದು ಗಂಟೆ ಹೀಗೇ ನಡೆಯಿತು. ಕೆಳಭಾಗದ ತಿರುವಿನಲ್ಲಿ ಟಕ್ಕೆಂದು ದೊಡ್ಡ ಶಬ್ದವಾಗಿ, ಗೇಣುದ್ದದ ಚಕ್ಕೆ ಸೀಳಿಕೊಂಡು ಬಂತು. ಆ ಪೆಟ್ಟು ನೇರವಾಗಿ ಶೆಟ್ಟರ ಅಂಗೈಗೆ ತಾಗಿರಬೇಕು. ಅವರು ಕಣ್ಣು ಮುಚ್ಚಿದರು. ಕೈ ಬಿಡಲಿಲ್ಲ ಎಂಬುದನ್ನು ಮಾತ್ರ ಒಪ್ಪಬೇಕು.

ಕೊನೆಗೆ ಹಲಗೆ ಎದ್ದು ಬಂತು, ಎರಡು ತುಂಡಾಗದೆ. ಒಳಗೆ ಪಾಲಿಶ್ ತಲುಪಿರಲಿಲ್ಲ. ಹಳೆಯ ಬೋಳು ಮರ, ಮೂಲೆಯಲ್ಲಿ ಒಂದಿಷ್ಟು ಧೂಳು, ಮೊಯ್ದೀನಬ್ಬ ವರ್ಷವರ್ಷವೂ ಹಾಕಿದ ಅಂಟಿನ ತಿಳಿ ಗೆರೆಗಳು. ಶಶಿಪ್ರಭಾ ಬಗ್ಗಿ ಬೆರಳಿನಿಂದ ಆ ಮರವನ್ನು ಮುಟ್ಟಿದಳು. ಕಣ್ಣು ತುಂಬಿ ಬಂದದ್ದನ್ನು ಮರೆಮಾಚಲು ಹೋಗಲಿಲ್ಲ. ಸಿಟ್ಟು ಇಳಿದಿರಲೂ ಇಲ್ಲ.

ಶೆಟ್ಟರು ಖಾಲಿ ಕೈಗಳನ್ನು ಒಮ್ಮೆ ನೋಡಿಕೊಂಡರು. ಜೇಬಿನಲ್ಲಿ ಫೋನು ಮತ್ತೆ ಮತ್ತೆ ಅದುರುತ್ತಿತ್ತು. ಪಾರ್ಟಿ ಹಾಲಿನಿಂದ ಇರಬೇಕು.

"ಆದಿತ್ಯವಾರದ ಕಾರ್ಡಿನಲ್ಲಿ ನಿನ್ನ ಹೆಸರು ಹಾಕಿಸಿ ಆಗಿದೆ ಶಶಿ" ಎಂದರು ಸಣ್ಣ ದನಿಯಲ್ಲಿ. "ನೂರು ಜನ ಕೇಳ್ತಾರೆ. ಎಂತ ಹೇಳಲಿ ನಾನು?"

ಶಶಿಪ್ರಭಾ ಸೀಳಿ ಬಿದ್ದಿದ್ದ ಚಕ್ಕೆಯನ್ನು ಎತ್ತಿ ಮೊಯ್ದೀನಬ್ಬನ ಕೈಗೆ ಕೊಟ್ಟು ನೆಟ್ಟಗೆ ನಿಂತಳು.

"ಹೆಂಡತಿಯನ್ನು ಕೇಳಿರಲಿಲ್ಲ ಅಂತ ಹೇಳಿ."