ಕುಂಕುಮ ಇಟ್ಟ ಪ್ಲೇಟು

ಹಾಸನದ ಈ ಕಾಲೇಜಿನಲ್ಲಿ ನಾನು ಸಾಫ್ಟ್‌ಬಾಲ್ ಕೋಚ್ ಆಗಿ ಇಪ್ಪತ್ತು ವರ್ಷ ದಾಟಿತು. ಕೊರೊನಾ ಕಾಲದಲ್ಲಿ ಟೀಮು ಚದುರಿಹೋಯಿತು. ಆಮೇಲೆ ಹಳ್ಳಿಮೈಸೂರು, ದಂಡಿಗನಹಳ್ಳಿ ಕಡೆಯಿಂದ ಬಸ್ಸಲ್ಲಿ ಬರುವ ಹುಡುಗಿಯರನ್ನು ಹಿಡಿದು ಹೊಸದಾಗಿ ಕಟ್ಟಿದೆ. ಮುಸುಕಿನ ಜೋಳದ ಹೊಲದಲ್ಲಿ ಗಿಳಿಗಳಿಗೆ ಕಲ್ಲು ಬೀಸಿ ಪಳಗಿದ ಕೈಗಳು. ಎಸೆಯೋದನ್ನು ನಾನು ಕಲಿಸಬೇಕಾಗಲಿಲ್ಲ.

ಆಯುಧಪೂಜೆಯ ದಿನ ಬ್ಯಾಟು, ಗ್ಲೌಸಿನ ಜೊತೆ ಹೋಮ್ ಪ್ಲೇಟಿಗೂ ಕುಂಕುಮ ಇಟ್ಟೆವು. ಓಡಿ ಬಂದವರು ಆ ಬಿಳಿ ರಬ್ಬರ್ ಹಲಗೆಯನ್ನು ಮುಟ್ಟಿದರೇ ರನ್. ಅವತ್ತಿನಿಂದ ನಮ್ಮ ಟೀಮಿನ ಸ್ಪಂದನಾ ಅದರ ಮೇಲೆ ಕಾಲಿಡಲೇ ಇಲ್ಲ. ಪ್ರತಿ ಸಲವೂ ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಳ್ಳುವಳು.

"ತುಳಿಯೇ, ದರಿದ್ರದವಳೇ!" ಅಂತ ಕಿರುಚಿ ಕಿರುಚಿ ನನ್ನ ಗಂಟಲು ಹೋಯಿತು.

"ಪೂಜೆ ಮಾಡಿರೋದ್ನ ಎಂಗ್ ತುಳೀಲಿ ಮೇಡಂ?"

ಮೊನ್ನೆ ನಮ್ಮ ಮೈದಾನದಲ್ಲೇ ಫೈನಲ್. ಕೊನೆಯ ಇನ್ನಿಂಗ್ಸ್, ಸ್ಕೋರು ಸಮ. ಸ್ಪಂದನಾ ಮೂರನೇ ಬೇಸಿನಿಂದ ಓಡಿ ಬರುವಷ್ಟರಲ್ಲಿ ಎದುರು ಟೀಮಿನ ಕ್ಯಾಚರ್ ಚೆಂಡು ಹಿಡಿದು ಪ್ಲೇಟಿನ ಪಕ್ಕ ಕಾಯುತ್ತಿದ್ದಳು. ಚೆಂಡು ಮೈಗೆ ತಾಗಿಸಿದರೆ ಔಟು. ಮುಗೀತು ಅಂದುಕೊಂಡೆ. ಕ್ಯಾಚರ್ ಎದೆಮಟ್ಟಕ್ಕೆ ಕೈ ಬೀಸಿದಳು. ಅಲ್ಲಿ ಎದೆಯೇ ಇರಲಿಲ್ಲ. ಸ್ಪಂದನಾ ಅದೇ ವೇಗದಲ್ಲಿ ನೆಲದವರೆಗೆ ಬಗ್ಗಿ, ಪ್ಲೇಟು ಮುಟ್ಟಿ, ಕಣ್ಣಿಗೊತ್ತಿಕೊಂಡು ಆಚೆ ಓಡಿಹೋಗಿದ್ದಳು.

ಅಂಪೈರ್ ಎರಡೂ ಕೈ ಚಾಚಿ "ಸೇಫ್" ಅಂದರು.

ಎಲ್ಲರೂ ಕೇಕೆ ಹಾಕುತ್ತ ಅವಳತ್ತ ಓಡಿದರು. ನಾನೂ ಓಡಿದೆ. ದಾರಿಗೆ ಪ್ಲೇಟು ಅಡ್ಡ ಬಂತು. ಇಷ್ಟು ವರ್ಷ ಲೆಕ್ಕವಿಲ್ಲದಷ್ಟು ಸಲ ತುಳಿದಿದ್ದೆ. ಅವತ್ತು ಕಾಲು ಏಳಲಿಲ್ಲ.

ಬಗ್ಗಿದೆ.