ಬೇತಮಂಗಲದ ಏರಿಯವರೆಗೆ

ಗುದ್ದಲಿ ತಾಗಿ ಆದ ಗಾಯವನ್ನು ಸೊಣ್ಣಪ್ಪ ಲೆಕ್ಕಕ್ಕೇ ಇಟ್ಟಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ದವಡೆ ಕಚ್ಚಿಕೊಂಡಿತು, ಮೈ ಬಿಲ್ಲಿನಂತೆ ಬಾಗಿತು. ಧನುರ್ವಾಯು. ಹೆಂಡತಿ ಮುನಿನಾರಾಯಣಮ್ಮ ಅವನನ್ನು ಬೂದಿಕೋಟೆಯಿಂದ ಬಾಡಿಗೆ ವ್ಯಾನಿನಲ್ಲಿ ಚಿನ್ನದ ಗಣಿಯೂರು ಚಾಂಪಿಯನ್ ರೀಫ್ಸಿನ ಸಣ್ಣ ಆಸ್ಪತ್ರೆಗೆ ತಂದಾಗ, ಬದುಕುತ್ತಾನೆಂದು ಯಾರೂ ಹೇಳಲಿಲ್ಲ.

ಆ ಕಾಯಿಲೆಗೆ ಬೆಳಕೂ ಆಗದು, ಸದ್ದೂ ಆಗದು. ಒಂದು ತಟ್ಟೆ ಬಿದ್ದರೆ ಸಾಕು, ಮೈಯೆಲ್ಲ ಸೆಟೆದುಕೊಳ್ಳುತ್ತಿತ್ತು. ಆಸ್ಪತ್ರೆಯಲ್ಲಿ ಬೇರೆ ಕೋಣೆಯೇ ಇರಲಿಲ್ಲ. ನರ್ಸ್ ಮಾರಿಯಮ್ಮ ಉಗ್ರಾಣ ಖಾಲಿ ಮಾಡಿಸಿ, ಕಿಟಕಿಗೆ ಕಂಬಳಿ ಕಟ್ಟಿ, ಚಪ್ಪಲಿ ಬಿಟ್ಟು ಓಡಾಡಿ ಅವನನ್ನು ಕಾಪಾಡಿದಳು.

ಮರುವರ್ಷ, ಎಂಬತ್ತೈದರಲ್ಲಿ, ಇಂಥ ರೋಗಿಗಳಿಗೆಂದೇ ಕೋಣೆ ಕಟ್ಟಿಸಲು ಆಸ್ಪತ್ರೆಯವರು ಓಟ ಇಟ್ಟರು. ಬಂಗಾರಪೇಟೆ ಸ್ಟೇಷನ್ನಿಂದ ಹೊರಟು, ಬೇತಮಂಗಲದ ಕೆರೆಯ ಏರಿಯನ್ನು ಮುಟ್ಟಿ, ವಾಪಸ್ ಆಸ್ಪತ್ರೆಗೆ ಬರಬೇಕು. ಓಟ ಮುಗಿಸಿದರೆ, ಓಡಿದವರ ಪರಿಚಯದವರು ಒಪ್ಪಿಕೊಂಡಷ್ಟು ಹಣವನ್ನು ಕೋಣೆಗೆ ಕಾಣಿಕೆ ಕೊಡುತ್ತಾರೆ. ಮುನಿನಾರಾಯಣಮ್ಮ ತಾನೂ ಓಡುತ್ತೇನೆಂದು, ಹಾಲು ಹಾಕುವ ಮನೆಗಳಲ್ಲೆಲ್ಲ ಕೇಳಿ ಒಪ್ಪಿಸಿದಳು.

ಅತ್ತೆ ಚಿಕ್ಕವೆಂಕಟಮ್ಮ ಕೆಂಡವಾದಳು. "ಎಂಗ್ಸು ರೋಡಲ್ಲಿ ಓಡೋದಾ? ನೋಡ್ದೋರು ಏನಂತಾರೆ?"

"ನಿಮ್ ಮಗ ಸಾಯಂಗಿದ್ದಾಗ ಆ ನೋಡೋರ್ಯಾರೂ ಬರ್ಲಿಲ್ವಲ್ಲತ್ತೆ."

ಓಟದ ದಿನ ಮುದುಕಿ ತಾನೇ ಸೊಸೆಯ ಸೀರೆ ಎತ್ತಿ ಬಿಗಿಯಾಗಿ ಕಚ್ಚೆ ಕಟ್ಟಿದಳು. "ಬಿಚ್ಚೋಗಾಕಿಲ್ಲ, ಓಗು."

ಓಡುವವರಲ್ಲಿ ಬಹುಪಾಲು ಗಣಿಯ ಹುಡುಗರು, ಕಾಲಿಗೆ ಬೂಟು. ಇವಳದು ಬರಿಗಾಲು. ದಿನಾ ಹಾಲಿನ ಕ್ಯಾನು ಹೊತ್ತು ಮೊದಲ ಬಸ್ಸಿಗೆ ಓಡಿದ ಕಾಲು ಅದು, ಅವಸರ ಪಡಲಿಲ್ಲ. ಉರಿಗಾಂ ದಾಟುವಾಗ ಗಣಿ ಕಾರ್ಮಿಕರ ಲೈನ್ ಮನೆಗಳ ಹೆಂಗಸರು "ಓಡು ಅಕ್ಕಾ, ಓಡು!" ಅಂತ ತಮಿಳಿನ ರಾಗದಲ್ಲಿ ಕೂಗಿ ಮುಖಕ್ಕೆ ನೀರು ಎರಚಿದರು. ಏರಿಯನ್ನೂ ಮುಟ್ಟಿದಳು. ವಾಪಸ್ ಹೊರಟು ಸ್ವಲ್ಪ ದೂರಕ್ಕೆ ಮೀನಖಂಡ ಗಂಟು ಕಟ್ಟಿತು. ರಸ್ತೆಯಲ್ಲೇ ಕುಸಿದು ಕೂತಳು.

ಹಿಂದೆ ಬರುತ್ತಿದ್ದ ಆಸ್ಪತ್ರೆಯ ವ್ಯಾನಿನಿಂದ ಸೊಣ್ಣಪ್ಪ ಇಳಿದ. ಸೋಡಾ ಅಂಗಡಿಯ ಮುಂದೆ ಜನ ನೆರೆದಿದ್ದರು. ಅವನು ಮಂಡಿಯೂರಿ, ಅವಳ ಪಾದ ತೊಡೆಯ ಮೇಲಿಟ್ಟುಕೊಂಡು ತಿಕ್ಕತೊಡಗಿದ.

"ಬಿಡು, ಎಲ್ಲಾರೂ ನೋಡ್ತಾವ್ರೆ."

"ನೋಡ್ಲಿ ಬಿಡೇ. ತಿಂಗ್ಳುಗಟ್ಲೆ ನನ್ ಕಾಲು ಇಡ್ಕಂಡು ಕೂತಿದ್ದೋಳು ನೀನು. ಆವಾಗ ನಾನು ಬಿಡು ಅಂದ್ನಾ?"

"ನಿನ್ ಬಾಯೇ ಬಿಡ್ತಿರ್ಲಿಲ್ವಲ್ಲ!"

ಇಬ್ಬರಿಗೂ ನಗು ಬಂತು. ನಗುತ್ತಲೇ ಅವಳ ಕಣ್ಣು ತುಂಬಿತು. "ಸಾಕು ಕಣೆ, ವ್ಯಾನ್ ಅತ್ಕೋ," ಅಂದ. ಅವಳು ತಲೆ ಆಡಿಸಿ, ಅವನ ಭುಜ ಹಿಡಿದು ಎದ್ದಳು. ಮುಂದೆ ಸ್ವಲ್ಪ ದೂರ ನಡಿಗೆ, ಸ್ವಲ್ಪ ದೂರ ಕುಂಟೋಟ. ಅವನು ಮತ್ತೆ ವ್ಯಾನು ಹತ್ತಲಿಲ್ಲ. ಏದುಸಿರು ಬಿಡುತ್ತಾ ಪಕ್ಕದಲ್ಲೇ ಹೆಜ್ಜೆ ಹಾಕಿದ.

ಬಿಸಿಲು ಇಳಿದ ಮೇಲೆ, ಎಲ್ಲರಿಗಿಂತ ಕೊನೆಗೆ ಆಸ್ಪತ್ರೆ ಮುಟ್ಟಿದರು. ಮಾರಿಯಮ್ಮ ಗೇಟಿನಾಚೆಗೇ ಓಡಿ ಬಂದು ತಬ್ಬಿಕೊಂಡಳು. ಮುನಿನಾರಾಯಣಮ್ಮ ನರ್ಸಿನ ಬಿಳಿ ಸೀರೆಯೆಲ್ಲ ಕೆಂಪು ಧೂಳಾಗುವಂತೆ ಹೆಗಲಿಗೆ ತಲೆಯಾನಿಸಿ ಅತ್ತಳು.

ಮುಂದಿನ ಮಳೆಗಾಲಕ್ಕೆ ಕೋಣೆ ಎದ್ದಿತು. ಅಲ್ಲಿ ಮೊದಲು ಮಲಗಿದ್ದು ಬೇತಮಂಗಲದ ಕಡೆಯ ಒಬ್ಬ ಬಾಣಂತಿ, ಅವಳಿಗೂ ಧನುರ್ವಾಯು. ಹುಷಾರಾಗಿ, ಮಗು ಎತ್ತಿಕೊಂಡು, ಬಸ್ಸು ಹತ್ತಿ ಊರಿಗೆ ಹೋದಳು.